ತವರದ ಬೀಜದೊಳಗೆ: ನ್ಯೂಟ್ರಾನು ತೋರಿಸುವ ಚಿತ್ರ

ಪ್ರಸ್ತಾವನೆ

ಗೋವಾ ಮತ್ತು ಉತ್ತರ ಕನ್ನಡದ ಕರಾವಳಿಯ ಹಳೆಯ ಮನೆಗಳಲ್ಲಿ ತಾಮ್ರದ ಹಂಡೆ, ತಪ್ಪಲೆಗಳಿಗೆ ಒಳಗಿನಿಂದ ಕಲಾಯಿ ಹಾಕಿಸುವ ರೂಢಿಯಿತ್ತು. ಕೋಕಂ, ಹುಣಸೆ, ಮಜ್ಜಿಗೆಯಂತಹ ಹುಳಿ ಪದಾರ್ಥಗಳು ತಾಮ್ರಕ್ಕೆ ತಗುಲಿದರೆ ಅಡುಗೆ ಕೆಡುತ್ತದೆ. ಅದನ್ನು ಉಂಡವರ ಆರೋಗ್ಯವೂ ಕೆಡುತ್ತದೆ. ಕಲಾಯಿಗಾರನು ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಬಿಳಿಯ ಲೋಹದ ಕಡ್ಡಿಯೊಂದನ್ನು ತಾಗಿಸಿ, ಹತ್ತಿಯಿಂದ ಉಜ್ಜಿದನೆಂದರೆ ಪಾತ್ರೆಯ ಒಳಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು. ಆ ಬಿಳಿಯ ಲೋಹವೇ ತವರ. ತಾನು ಸುಲಭವಾಗಿ ಕೆಡದೆ ಮತ್ತೊಂದನ್ನು ಕಾಯುವುದು ಅದರ ಗುಣ.

ಈ ಗುಣ ತವರದ ಪರಮಾಣುವಿನ ಹೊರವಲಯದ ಎಲೆಕ್ಟ್ರಾನುಗಳದು. ರಸಾಯನಶಾಸ್ತ್ರದ ಅಧ್ಯಯನ ಬಹುಮಟ್ಟಿಗೆ ಅಲ್ಲಿಗೆ ನಿಲ್ಲುತ್ತದೆ. ಅದರಿಂದ ಇನ್ನೂ ಒಳಗೆ, ಪರಮಾಣುವಿನ ನಟ್ಟನಡುವೆ ಇರುವ ಬೀಜದಲ್ಲಿ, ತವರಕ್ಕೆ ಬೇರೊಂದು ಬಗೆಯ ಸ್ಥಿರತೆ ಇದೆ. ಅದನ್ನು ಅರಿಯಲು ಭೌತವಿಜ್ಞಾನಿಗಳು ಬಳಸುವ ಮುಖ್ಯ ಸಾಧನಗಳಲ್ಲಿ ನ್ಯೂಟ್ರಾನು ಒಂದು. ಈ ಅಧ್ಯಯನ ಏನನ್ನು ಹುಡುಕುತ್ತದೆ, ಹೇಗೆ ಹುಡುಕುತ್ತದೆ, ಕೊಂಕಣ ಕರಾವಳಿಗೂ ಕನ್ನಡಕ್ಕೂ ಅದರೊಂದಿಗೆ ಇರುವ ಸಂಬಂಧವೇನು ಎಂಬುದನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ‘ವಿಜ್ಞಾನ ಸಾಹಿತ್ಯ’ವೆಂಬ ಪ್ರಕಾರವನ್ನು ಓದುವಾಗ ಒಂದು ನಿರ್ದಿಷ್ಟ ವಿಷಯವನ್ನು ಮುಂದಿಟ್ಟುಕೊಳ್ಳುವುದು ಉಪಯುಕ್ತ. ಭಾಷೆಯ ಶಕ್ತಿಯೂ ಮಿತಿಯೂ ತಿಳಿಯುವುದು ವಿಷಯವನ್ನು ಹೇಳಲು ತೊಡಗಿದಾಗಲೇ.

ಪದಗಳ ಬಳಗ

ತವರವೆಂಬ ಪದಕ್ಕೆ ದ್ರಾವಿಡ ಭಾಷೆಗಳಲ್ಲಿ ದೊಡ್ಡ ಬಳಗವಿದೆ. ತಮಿಳು ಮತ್ತು ಮಲಯಾಳಗಳಲ್ಲಿ ತಕರಂ, ತೆಲುಗಿನಲ್ಲಿ ತಗರಮು, ಕನ್ನಡದಲ್ಲಿ ತಗರ ಮತ್ತು ತವರ. ಹೆಣ್ಣುಮಕ್ಕಳ ತವರಿಗೂ ಇದಕ್ಕೂ ಸಂಬಂಧವಿಲ್ಲ. ಕೊನೆಯ ಸ್ವರವೊಂದರ ವ್ಯತ್ಯಾಸದಿಂದ ಎರಡು ಬೇರೆ ಪದಗಳು ಅಕ್ಕಪಕ್ಕ ನಿಂತಿವೆ, ಅಷ್ಟೆ. ಕಲಾಯಿ ಎಂಬುದು ಅರಬ್ಬೀ ಮೂಲದಿಂದ ಬಂದದ್ದು. ಅದೇ ಪದ ಪೋರ್ಚುಗೀಸರ ಬಾಯಲ್ಲಿ ‘ಕಲಾಯಿಂ’ ಆಯಿತು. 1510ರಲ್ಲಿ ಗೋವಾವನ್ನು ಹಿಡಿದ ಅಲ್ಬುಕರ್ಕ್ ಮರುವರ್ಷ ಮಲಾಕ್ಕಾವನ್ನು ವಶಪಡಿಸಿಕೊಂಡನು. ಮಲಯ ಪರ್ಯಾಯದ್ವೀಪವು ತವರದ ಗಣಿಗಳಿಗೆ ಹೆಸರಾದ ನಾಡು. ಹೀಗೆ ಒಂದು ಲೋಹವೂ ಅದರ ಹೆಸರೂ ಒಂದೇ ಸಮುದ್ರಮಾರ್ಗದಲ್ಲಿ ಸಂಚರಿಸಿದವು.

ಗೋವಾದ ಇತಿಹಾಸದಲ್ಲಿ ತವರಕ್ಕೆ ಇನ್ನೊಂದು ಬಗೆಯ ನಂಟೂ ಇದೆ. ಭಾರತದ ಮೊದಲ ಮುದ್ರಣಯಂತ್ರ 1556ರಲ್ಲಿ ಗೋವಾಕ್ಕೆ ಬಂದಿತು. ಅಚ್ಚುಮೊಳೆಗಳನ್ನು ಎರೆಯುವ ಪ್ರಸಿದ್ಧ ಮಿಶ್ರಲೋಹ ಸೀಸ, ತವರ ಮತ್ತು ಆಂಟಿಮನಿಗಳಿಂದ ಆದದ್ದು. ಈ ಮೂರರಲ್ಲಿ ತವರ ಮತ್ತು ಆಂಟಿಮನಿ ಧಾತುಗಳ ಪಟ್ಟಿಯಲ್ಲಿ ಅಕ್ಕಪಕ್ಕದ ಮನೆಯವು. ತವರದ ಬೀಜವೊಂದು ನ್ಯೂಟ್ರಾನನ್ನು ನುಂಗಿ ಕೆಲವು ದಿನಗಳಲ್ಲಿ ಆಂಟಿಮನಿಯಾಗಿ ಬದಲಾಗಬಲ್ಲದು. ಅಚ್ಚುಮೊಳೆಗಾರನು ಮೂಸೆಯಲ್ಲಿ ಬೆರೆಸಿದ ಎರಡು ಲೋಹಗಳಲ್ಲಿ ಒಂದು ಇನ್ನೊಂದಾಗುವ ಈ ಕ್ರಿಯೆಯನ್ನು ಮುಂದೆ ನೋಡಬಹುದು.

ಒಂದು ಸ್ಥಾನ, ಹತ್ತು ರೂಪ

ಪರಮಾಣುವಿನ ಬೀಜದಲ್ಲಿ ಪ್ರೋಟಾನು ಮತ್ತು ನ್ಯೂಟ್ರಾನು ಎಂಬ ಎರಡು ಬಗೆಯ ಕಣಗಳಿರುತ್ತವೆ. ಪ್ರೋಟಾನಿಗೆ ಧನ ವಿದ್ಯುದಂಶವಿದೆ, ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ. ಧಾತುವಿನ ಗುರುತನ್ನು ನಿರ್ಣಯಿಸುವುದು ಪ್ರೋಟಾನುಗಳ ಸಂಖ್ಯೆ. ತವರದಲ್ಲಿ ಅವು ಯಾವಾಗಲೂ 50. ನ್ಯೂಟ್ರಾನುಗಳ ಸಂಖ್ಯೆ ಮಾತ್ರ ಬೇರೆಬೇರೆಯಾಗಿರಬಹುದು. ಪ್ರೋಟಾನು ಅಷ್ಟೇ ಇದ್ದು ನ್ಯೂಟ್ರಾನು ಹೆಚ್ಚುಕಡಿಮೆಯಾದ ರೂಪಗಳನ್ನು ಐಸೊಟೋಪುಗಳೆನ್ನುತ್ತಾರೆ. ಈ ಗ್ರೀಕ್ ಮೂಲದ ಪದಕ್ಕೆ ‘ಒಂದೇ ಸ್ಥಾನದಲ್ಲಿರುವುದು’ ಎಂದರ್ಥ. ಧಾತುಗಳ ಆವರ್ತಕೋಷ್ಟಕದಲ್ಲಿ ಇವೆಲ್ಲಕ್ಕೂ ಒಂದೇ ಮನೆ. ಕನ್ನಡದ ‘ಸಮಸ್ಥಾನಿ’ ಈ ಅರ್ಥವನ್ನು ನೇರವಾಗಿ ಹಿಡಿದ ಪದ. ಹಾಗೆಯೇ ‘ಬೀಜ’ದಿಂದ ‘ಬೈಜಿಕ’ ಎಂಬ ತದ್ಧಿತ ಹುಟ್ಟಿದೆ. ಬೈಜಿಕ ಕ್ರಿಯೆ, ಬೈಜಿಕ ರಚನೆ ಎಂಬ ಪ್ರಯೋಗಗಳು ವ್ಯಾಕರಣದ ದೃಷ್ಟಿಯಿಂದಲೂ ಸಮರ್ಪಕವಾಗಿವೆ.

ಪ್ರಕೃತಿಯಲ್ಲಿ ತವರಕ್ಕೆ ಹತ್ತು ಸ್ಥಿರ ಸಮಸ್ಥಾನಿಗಳಿವೆ. ಬೇರೆ ಯಾವ ಧಾತುವಿಗೂ ಇಷ್ಟಿಲ್ಲ. ಪ್ರೋಟಾನು ಮತ್ತು ನ್ಯೂಟ್ರಾನುಗಳ ಒಟ್ಟು ಸಂಖ್ಯೆಯಿಂದ ಅವನ್ನು ಹೆಸರಿಸುವುದು ವಾಡಿಕೆ: ತವರ-112, 114, 115, 116, 117, 118, 119, 120, 122 ಮತ್ತು 124. ಇವುಗಳಲ್ಲಿ ತವರ-120 ಅತ್ಯಂತ ಹೇರಳ, ಸುಮಾರು ಶೇ. 32.6. ತವರ-116 ಶೇ. 14.5ರಷ್ಟಿದೆ. ತವರ-124 ಶೇ. 5.8. ತವರ-115 ಎಲ್ಲಕ್ಕಿಂತ ವಿರಳ. 10,000 ತವರದ ಪರಮಾಣುಗಳಲ್ಲಿ ಅದರ ಪಾಲು 34 ಮಾತ್ರ. ಕಲಾಯಿ ಹಾಕಿದ ಒಂದು ತಪ್ಪಲೆಯ ಒಳಮೈಯಲ್ಲಿ ಈ ಹತ್ತೂ ರೂಪಗಳು ಬೆರೆತಿರುತ್ತವೆ.

ಐವತ್ತರ ಮಹತ್ವ

ತವರಕ್ಕೆ ಮಾತ್ರ ಇಷ್ಟು ಸ್ಥಿರ ರೂಪಗಳೇಕೆ? ಈ ಪ್ರಶ್ನೆಯೇ ಬೀಜದ ರಚನೆಯ ಬಗೆಗಿನ ಒಂದು ದೊಡ್ಡ ಸಿದ್ಧಾಂತಕ್ಕೆ ದಾರಿಯಾಯಿತು. 1948-49ರಲ್ಲಿ ಮರಿಯಾ ಗೋಪರ್ಟ್ ಮೇಯರ್ ಅವರು ಧಾತುಗಳ ಲಭ್ಯತೆಯ ಅಂಕಿಗಳನ್ನು ಪರಿಶೀಲಿಸುತ್ತ ಕೆಲವು ಸಂಖ್ಯೆಗಳು ಮತ್ತೆ ಮತ್ತೆ ಎದ್ದು ಕಾಣುವುದನ್ನು ಗಮನಿಸಿದರು. ಪ್ರೋಟಾನುಗಳೋ ನ್ಯೂಟ್ರಾನುಗಳೋ 2, 8, 20, 28, 50, 82 ಅಥವಾ 126 ಇದ್ದಾಗ ಬೀಜ ವಿಶೇಷವಾಗಿ ಗಟ್ಟಿಯಾಗಿರುತ್ತದೆ. ಇವಕ್ಕೆ ‘ಮಾಯಾ ಸಂಖ್ಯೆ’ಗಳೆಂಬ ಹೆಸರು ಬಂದಿತು. ಮೇಯರ್ ಮತ್ತು ಅವರಿಂದ ಸ್ವತಂತ್ರವಾಗಿ ಹಾನ್ಸ್ ಯೆನ್ಸನ್ ಅವರು ರೂಪಿಸಿದ ಕವಚ ಮಾದರಿ ಆ ಮಾಯೆಯನ್ನು ಬಿಡಿಸಿತು. 1963ರ ನೊಬೆಲ್ ಪ್ರಶಸ್ತಿಯಲ್ಲಿ ಇಬ್ಬರೂ ಪಾಲುದಾರರಾದರು.

ಕವಚ ಮಾದರಿಯ ತಿರುಳು ಇಷ್ಟು. ಬೀಜದೊಳಗಿನ ಕಣಗಳು ಮೂಟೆಯಲ್ಲಿ ತುಂಬಿದ ಕಾಳುಗಳಂತೆ ಹೇಗೆಂದರೆ ಹಾಗೆ ಇರುವುದಿಲ್ಲ. ಅವಕ್ಕೆ ನಿಗದಿಯಾದ ಶಕ್ತಿಮಟ್ಟಗಳುಂಟು. ಮಟ್ಟಗಳು ಗುಂಪುಗುಂಪಾಗಿ ಬರುತ್ತವೆ. ಒಂದು ಗುಂಪು ತುಂಬಿದರೆ ಒಂದು ಕವಚ ತುಂಬಿದಂತೆ. ಮುಂದಿನ ಕವಚಕ್ಕೆ ಏರಬೇಕಾದರೆ ದೊಡ್ಡ ಅಂತರವನ್ನು ದಾಟಬೇಕು. ತವರದ 50 ಪ್ರೋಟಾನುಗಳು ಹೀಗೆ ತುಂಬಿದ ಕವಚದಲ್ಲಿವೆ. ಆದ್ದರಿಂದ ಅವು ಸುಲಭವಾಗಿ ಕದಲುವುದಿಲ್ಲ, ನ್ಯೂಟ್ರಾನುಗಳು ಕೆಲವು ಹೆಚ್ಚಿದರೂ ಕಡಿಮೆಯಾದರೂ ಬೀಜ ಸ್ಥಿರವಾಗಿ ಉಳಿಯುತ್ತದೆ.

ಇದರಿಂದ ಸಂಶೋಧಕರಿಗೆ ದೊರೆಯುವ ಅನುಕೂಲ ದೊಡ್ಡದು. ಪ್ರೋಟಾನುಗಳು ಬಹುಮಟ್ಟಿಗೆ ಸುಮ್ಮನಿರುವುದರಿಂದ ತವರದ ಸಮಸ್ಥಾನಿಗಳ ಸಾಲಿನಲ್ಲಿ ನ್ಯೂಟ್ರಾನುಗಳ ವರ್ತನೆಯನ್ನು ಪ್ರತ್ಯೇಕವಾಗಿ ಗಮನಿಸಬಹುದು. ಬೀಜವನ್ನು ಅದರ ಶಾಂತಸ್ಥಿತಿಯಿಂದ ಮೊದಲ ಮೆಟ್ಟಿಲಿಗೆ ಏರಿಸಲು ಬೇಕಾದ ಶಕ್ತಿಯನ್ನೇ ನೋಡಬಹುದು. ಇಲ್ಲಿ ಬಳಸುವ ಅಳತೆ ಎಂಇವಿ, ಎಂದರೆ ಹತ್ತು ಲಕ್ಷ ಎಲೆಕ್ಟ್ರಾನ್-ವೋಲ್ಟು. ತವರ-112ಕ್ಕೆ 1.26 ಎಂಇವಿ, 116ಕ್ಕೆ 1.29, 118ಕ್ಕೆ 1.23, 120ಕ್ಕೆ 1.17, 124ಕ್ಕೆ 1.13. ಹನ್ನೆರಡು ನ್ಯೂಟ್ರಾನುಗಳು ಸೇರಿದರೂ ಮೆಟ್ಟಿಲಿನ ಎತ್ತರದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ನ್ಯೂಟ್ರಾನುಗಳು ಎರಡೆರಡಾಗಿ ಜೋಡಿ ಕಟ್ಟಿಕೊಂಡಿರುವುದು ಇದಕ್ಕೆ ಮುಖ್ಯ ಕಾರಣ. ಬೀಜವನ್ನು ಉದ್ರೇಕಿಸಬೇಕಾದರೆ ಜೋಡಿಯ ಬಂಧವನ್ನು ಕದಲಿಸಬೇಕು. ಜೋಡಿಗಳು ಎಷ್ಟಿದ್ದರೂ ಒಂದನ್ನು ಕದಲಿಸುವ ಬೆಲೆ ಸರಿಸುಮಾರು ಒಂದೇ. ಆದರೆ ನ್ಯೂಟ್ರಾನುಗಳೂ 82 ಆಗಿ ತಮ್ಮ ಕವಚವನ್ನು ತುಂಬಿದ ತವರ-132ರಲ್ಲಿ ಮೊದಲ ಮೆಟ್ಟಿಲು ಒಮ್ಮೆಲೇ 4.04 ಎಂಇವಿಗೆ ಏರುತ್ತದೆ. ಅದು ಪ್ರಕೃತಿಯಲ್ಲಿ ದೊರೆಯದ, ಪ್ರಯೋಗಾಲಯದಲ್ಲಿ ಹುಟ್ಟಿಸಿ ಕ್ಷಣಕಾಲ ನೋಡಬೇಕಾದ ರೂಪ.

ನ್ಯೂಟ್ರಾನೇ ಏಕೆ?

ನ್ಯೂಟ್ರಾನನ್ನು 1932ರಲ್ಲಿ ಜೇಮ್ಸ್ ಚಾಡ್ವಿಕ್ ಕಂಡುಹಿಡಿದರು. ಬೀಜವನ್ನು ಪರೀಕ್ಷಿಸಲು ಹೊರಗಿನಿಂದ ಒಂದು ಕಣವನ್ನು ಕಳುಹಿಸಬೇಕು. ಪ್ರೋಟಾನನ್ನು ಕಳುಹಿಸಿದರೆ ತವರದ 50 ಪ್ರೋಟಾನುಗಳು ಅದನ್ನು ದೂರದಿಂದಲೇ ತಳ್ಳುತ್ತವೆ. ಆ ತಡೆಯನ್ನು ಮೀರಲು ಅಪಾರ ವೇಗ ಬೇಕು. ನ್ಯೂಟ್ರಾನಿಗೆ ವಿದ್ಯುದಂಶವಿಲ್ಲದ ಕಾರಣ ಅದಕ್ಕೆ ಈ ತಡೆ ಇಲ್ಲ. ಅತ್ಯಂತ ನಿಧಾನವಾಗಿ ಚಲಿಸುವ ನ್ಯೂಟ್ರಾನೂ ಬೀಜದ ಬಾಗಿಲನ್ನು ದಾಟಿ ಒಳಗೆ ಹೋಗಬಲ್ಲದು.

ಒಳಹೊಕ್ಕ ನ್ಯೂಟ್ರಾನಿನಿಂದ ಹಲವು ಕ್ರಿಯೆಗಳು ಸಾಧ್ಯ. ರಚನೆಯ ಅಧ್ಯಯನಕ್ಕೆ ಎರಡು ಮುಖ್ಯ. ಮೊದಲನೆಯದು ಗ್ರಹಣ: ಬೀಜವು ನ್ಯೂಟ್ರಾನನ್ನು ತನ್ನಲ್ಲೇ ಇರಿಸಿಕೊಳ್ಳುತ್ತದೆ, ಹೆಚ್ಚಾದ ಶಕ್ತಿಯನ್ನು ಗಾಮಾ ಕಿರಣಗಳ ರೂಪದಲ್ಲಿ ಹೊರಚೆಲ್ಲುತ್ತದೆ. ಎರಡನೆಯದು ಅಸ್ಥಿತಿಸ್ಥಾಪಕ ಚದರಿಕೆ: ವೇಗದ ನ್ಯೂಟ್ರಾನು ಬಂದು ತನ್ನ ಶಕ್ತಿಯ ಒಂದು ಪಾಲನ್ನು ಬೀಜಕ್ಕೆ ಕೊಟ್ಟು ಹೊರಟುಹೋಗುತ್ತದೆ, ಉದ್ರೇಕಗೊಂಡ ಬೀಜ ಗಾಮಾ ಕಿರಣವನ್ನು ಬಿಟ್ಟು ಶಾಂತವಾಗುತ್ತದೆ. ಎರಡರಲ್ಲೂ ಸಂಶೋಧಕರಿಗೆ ಸಿಗುವ ಸಾಕ್ಷಿ ಗಾಮಾ ಕಿರಣವೇ. ದ್ರವ ನೈಟ್ರೋಜನ್ನಿನಿಂದ ತಂಪಾಗಿಸಿದ ಜರ್ಮೇನಿಯಂ ಸ್ಫಟಿಕಗಳು ಅದರ ಶಕ್ತಿಯನ್ನು ಅತ್ಯಂತ ಸೂಕ್ಷ್ಮವಾಗಿ ಅಳೆಯುತ್ತವೆ.

ಭಾರತದಲ್ಲಿ ಈ ಬಗೆಯ ಕೆಲಸಕ್ಕೆ ಬೇಕಾದ ನ್ಯೂಟ್ರಾನುಗಳು ಹೇರಳವಾಗಿ ದೊರೆತದ್ದು 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಚಾಲನೆಗೊಂಡ ‘ಅಪ್ಸರಾ’ ಸಂಶೋಧನಾ ರಿಯಾಕ್ಟರಿನಿಂದ. ಅಲ್ಲಿನ ಆರಂಭಿಕ ನ್ಯೂಟ್ರಾನ್ ಪ್ರಯೋಗಗಳಲ್ಲಿ ಪ್ರಮುಖರಾಗಿದ್ದವರು ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ.

ತವರ-116: ಮೆಟ್ಟಿಲುಗಳ ಲೆಕ್ಕ

ಈ ಎರಡು ಕ್ರಿಯೆಗಳು ಒಂದನ್ನೊಂದು ಹೇಗೆ ಪೂರೈಸುತ್ತವೆ ಎಂಬುದಕ್ಕೆ ತವರ-116 ಉತ್ತಮ ನಿದರ್ಶನ. 1991ರಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ಎಸ್. ರಾಮನ್ ಮತ್ತು ಅವರ ಸಹಸಂಶೋಧಕರು ಈ ಸಮಸ್ಥಾನಿಯ 4.3 ಎಂಇವಿವರೆಗಿನ ಶಕ್ತಿಮಟ್ಟಗಳ ಬಹುತೇಕ ಪೂರ್ಣ ನಕ್ಷೆಯನ್ನು ಪ್ರಕಟಿಸಿದರು. ಅದಕ್ಕೆ ಗ್ರಹಣವನ್ನೂ ಚದರಿಕೆಯನ್ನೂ ಅವರು ಬಳಸಿಕೊಂಡರು.

ಗ್ರಹಣದ ದಾರಿ ಅತಿ ವಿರಳವಾದ ತವರ-115ರಿಂದ ಹೊರಡುತ್ತದೆ. ಅದು ಒಂದು ನಿಧಾನ ನ್ಯೂಟ್ರಾನನ್ನು ಹಿಡಿದುಕೊಂಡರೆ ತವರ-116 ಆಗುತ್ತದೆ. ಸಂಖ್ಯೆಯಲ್ಲಿ ಅಲ್ಪವಾದರೂ ನ್ಯೂಟ್ರಾನು ಹಿಡಿಯುವ ಸಾಮರ್ಥ್ಯದಲ್ಲಿ ತವರ-115 ತನ್ನ ಸ್ಥಿರ ಸೋದರರಿಗಿಂತ ಬಹಳ ಮುಂದಿದೆ. ಹೊಸದಾಗಿ ಹುಟ್ಟಿದ ತವರ-116ರ ಬೀಜ ಶಾಂತವಾಗಿರುವುದಿಲ್ಲ, ಸುಮಾರು 9.56 ಎಂಇವಿ ಎತ್ತರದಲ್ಲಿರುತ್ತದೆ. ಮಹಡಿಯ ಮೇಲಿಂದ ನೆಲಕ್ಕೆ ಇಳಿಯುವವನು ಒಂದೇ ಸಲ ಜಿಗಿಯಬಹುದು ಅಥವಾ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬಹುದು. ಬೀಜವೂ ಹಾಗೆಯೇ ಬೇರೆಬೇರೆ ದಾರಿಗಳಲ್ಲಿ ಇಳಿಯುತ್ತದೆ, ಪ್ರತಿ ಇಳಿತಕ್ಕೂ ಒಂದು ಗಾಮಾ ಕಿರಣ ಹೊರಬರುತ್ತದೆ. ಇಂತಹ ಸಾವಿರಾರು ಇಳಿತಗಳನ್ನು ದಾಖಲಿಸಿ ಮೆಟ್ಟಿಲುಗಳ ಎತ್ತರವನ್ನು ಲೆಕ್ಕಹಾಕಬೇಕು.

ಲೆಕ್ಕದ ನಿಯಮ ಸರಳವಾದ ಕೂಡುವಿಕೆ. ಎಂಇವಿಯ ಸಾವಿರದೊಂದು ಭಾಗವಾದ ಕೆಇವಿಯಲ್ಲಿ ಹೇಳುವುದಾದರೆ, ತವರ-116ರಲ್ಲಿ 1293.6, 818.7 ಮತ್ತು 2112.3 ಕೆಇವಿಯ ಮೂರು ಕಿರಣಗಳು ಕಾಣುತ್ತವೆ. ಮೊದಲೆರಡನ್ನು ಕೂಡಿದರೆ ಮೂರನೆಯದು ದೊರೆಯುತ್ತದೆ. ಎಂದರೆ 2112.3ರ ಎತ್ತರದಲ್ಲಿ ಒಂದು ಮಟ್ಟವಿದೆ. ಬೀಜ ಅಲ್ಲಿಂದ ನೇರವಾಗಿಯೂ ಇಳಿಯುತ್ತದೆ, 1293.6ರ ಮೆಟ್ಟಿಲಿನಲ್ಲಿ ನಿಂತು ಎರಡು ಹಂತಗಳಲ್ಲಿಯೂ ಇಳಿಯುತ್ತದೆ.

ಕಾಣುವ ಕಿರಣದಷ್ಟೇ ಕಾಣದ ಕಿರಣವೂ ಇಲ್ಲಿ ಸಾಕ್ಷಿಯಾಗುತ್ತದೆ. ತವರ-116ರಲ್ಲಿ 1757 ಕೆಇವಿ ಎತ್ತರದಲ್ಲಿ ಮತ್ತೊಂದು ಮಟ್ಟವಿದೆ. ಅಲ್ಲಿಂದ 1294ರ ಮೆಟ್ಟಿಲಿಗೆ ಇಳಿಯುವ 463 ಕೆಇವಿಯ ಕಿರಣ ಕಾಣುತ್ತದೆ. ಆದರೆ ನೇರವಾಗಿ ನೆಲಕ್ಕಿಳಿಯುವ 1757ರ ಕಿರಣ ಕಾಣುವುದಿಲ್ಲ. ಬೀಜದ ಶಾಂತಸ್ಥಿತಿಯ ಗಿರಕಿ ಸೊನ್ನೆ. ಒಂದೇ ಗಾಮಾ ಕಿರಣದ ಮೂಲಕ ಸೊನ್ನೆ ಗಿರಕಿಯ ಸ್ಥಿತಿಯಿಂದ ಇನ್ನೊಂದು ಸೊನ್ನೆ ಗಿರಕಿಯ ಸ್ಥಿತಿಗೆ ಹೋಗುವುದನ್ನು ಪ್ರಕೃತಿಯ ನಿಯಮ ನಿಷೇಧಿಸುತ್ತದೆ. ನೇರ ಕಿರಣದ ಅಭಾವ ಆ ಮಟ್ಟದ ಗಿರಕಿಯೂ ಸೊನ್ನೆ ಎಂಬುದಕ್ಕೆ ಹೊಂದಿಕೊಳ್ಳುತ್ತದೆ. ಈ ಮಟ್ಟಕ್ಕೆ ಇನ್ನೊಂದು ಮಹತ್ವವಿದೆ. ತುಂಬಿದ ಕವಚದಿಂದ ಎರಡು ಪ್ರೋಟಾನುಗಳು ಅಂತರವನ್ನು ದಾಟಿ ಮೇಲಿನ ಕವಚಕ್ಕೆ ಏರಿದಾಗ ಒದಗುವ ಸ್ಥಿತಿಗೂ ಇದಕ್ಕೂ ಹತ್ತಿರದ ಸಂಬಂಧವಿದೆ. ಅಂತಹ ಸ್ಥಿತಿಯಲ್ಲಿ ಬೀಜ ಗುಂಡಾಗಿ ಉಳಿಯದೆ ಆಕಾರ ಬದಲಿಸುತ್ತದೆ. ಕದಲದು ಎಂದುಕೊಂಡ 50ರ ಕೋಟೆಗೂ ಒಂದು ಕಿಂಡಿ ಇದೆಯೆಂಬುದನ್ನು ಇಂತಹ ಮಟ್ಟಗಳು ತೋರಿಸಿಕೊಟ್ಟವು.

ಗ್ರಹಣದ ದಾರಿಗೆ ಒಂದು ಮಿತಿ ಉಂಟು. ತವರ-115 ನಿಧಾನ ನ್ಯೂಟ್ರಾನನ್ನು ಹಿಡಿದಾಗ ಹುಟ್ಟುವ ಸ್ಥಿತಿಯ ಗಿರಕಿ ಸೊನ್ನೆ ಅಥವಾ ಒಂದು. ಅಲ್ಲಿಂದ ಇಳಿಯುವಾಗ ಬೀಜ ಸಾಮಾನ್ಯವಾಗಿ ಕಡಿಮೆ ಗಿರಕಿಯ ಮೆಟ್ಟಿಲುಗಳನ್ನೇ ತುಳಿಯುತ್ತದೆ. ಹೆಚ್ಚು ಗಿರಕಿಯವು ಕಣ್ಣಿಗೆ ಬೀಳದೆ ಉಳಿಯಬಹುದು. ಆ ಕೊರತೆಯನ್ನು ಚದರಿಕೆ ತುಂಬುತ್ತದೆ. ಇಲ್ಲಿ ನೇರವಾಗಿ ತವರ-116ರ ಮೇಲೆಯೇ ವೇಗದ ನ್ಯೂಟ್ರಾನುಗಳನ್ನು ಹಾಯಿಸುತ್ತಾರೆ, ಅವುಗಳ ಶಕ್ತಿಯನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತಾರೆ. 463 ಕೆಇವಿಯ ಕಿರಣ ನ್ಯೂಟ್ರಾನಿನ ಶಕ್ತಿ 1757 ಕೆಇವಿಯನ್ನು ತುಸು ಮೀರುವವರೆಗೂ ಹುಟ್ಟುವುದೇ ಇಲ್ಲ. ಯಾವ ಹೊಸ್ತಿಲು ದಾಟಿದಾಗ ಯಾವ ಕಿರಣ ಕಾಣಿಸಿಕೊಂಡಿತು ಎಂಬುದರಿಂದ ಅದು ಯಾವ ಮೆಟ್ಟಿಲಿಂದ ಇಳಿದುಬಂದದ್ದೆಂದು ನಿಶ್ಚಯಿಸಬಹುದು. ನ್ಯೂಟ್ರಾನು ತಾಗಿದ ಬೀಜ ಹಿಮ್ಮೆಟ್ಟಿ ಓಡುತ್ತಿರುವಾಗಲೇ ಕಿರಣ ಹೊರಟರೆ ಅದರ ಶಕ್ತಿ ಕಿಂಚಿತ್ತು ಬದಲಾಗುತ್ತದೆ. ಬೀಜ ನಿಂತ ಮೇಲೆ ಹೊರಟರೆ ಬದಲಾಗುವುದಿಲ್ಲ. ಈ ಸಣ್ಣ ಬದಲಾವಣೆಯಿಂದ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗಕ್ಕಿಂತಲೂ ಕಡಿಮೆ ಕಾಲ ಬಾಳುವ ಮಟ್ಟಗಳ ಆಯುಷ್ಯವನ್ನು ಅಳೆಯುತ್ತಾರೆ.

ತವರ-124: ಸುಳ್ಳು ಸಂಕೇತದ ಭಯ

ಇಂತಹ ಸೂಕ್ಷ್ಮ ಲೆಕ್ಕ ಏಕೆ ಬೇಕು ಎಂಬ ಪ್ರಶ್ನೆಗೆ ತವರ-124 ಉತ್ತರ ಕೊಡುತ್ತದೆ. ಈ ಸಮಸ್ಥಾನಿ ಸ್ಥಿರವೆಂದು ಪರಿಗಣಿತವಾದರೂ, ಇದರ ಎರಡು ನ್ಯೂಟ್ರಾನುಗಳು ಒಟ್ಟಿಗೇ ಪ್ರೋಟಾನುಗಳಾಗಿ, ಬೀಜ ಟೆಲುರಿಯಂ-124 ಆಗಿ ಮಾರ್ಪಡಲು ಶಕ್ತಿಯ ಲೆಕ್ಕದಲ್ಲಿ ಅವಕಾಶವಿದೆ. ಇದು ಇಮ್ಮಡಿ ಬೀಟಾ ಕ್ಷಯ. ಸಾಮಾನ್ಯವಾಗಿ ಇದರಲ್ಲಿ ಎರಡು ಎಲೆಕ್ಟ್ರಾನುಗಳೊಂದಿಗೆ ಎರಡು ಪ್ರತಿನ್ಯೂಟ್ರಿನೊಗಳು ಹೊರಬರಬೇಕು. ನ್ಯೂಟ್ರಿನೊ ತನಗೆ ತಾನೇ ಪ್ರತಿಕಣವಾಗಿರಬಹುದೆಂಬ ವಿಚಾರ ಎಟ್ಟೋರೆ ಮಯೊರಾನಾ ಅವರ 1937ರ ಲೇಖನದಿಂದ ಹೊರಟದ್ದು. ಅದು ನಿಜವಾದರೆ ನ್ಯೂಟ್ರಿನೊಗಳೇ ಇಲ್ಲದ ಇಮ್ಮಡಿ ಕ್ಷಯವೂ ಸಾಧ್ಯ. ಆಗ ಎರಡು ಎಲೆಕ್ಟ್ರಾನುಗಳೇ ಇಡೀ 2.29 ಎಂಇವಿ ಶಕ್ತಿಯನ್ನು ಹೊತ್ತು ಬರುತ್ತವೆ. ಅದನ್ನು ಕಂಡರೆ ವಿಶ್ವದಲ್ಲಿ ದ್ರವ್ಯ ಉಳಿದು ಪ್ರತಿದ್ರವ್ಯ ಏಕೆ ಅಳಿಯಿತು ಎಂಬ ಪ್ರಶ್ನೆಗೂ ಬೆಳಕು ದೊರೆಯಬಹುದು.

ಈ ಹುಡುಕಾಟಕ್ಕಾಗಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ‘ಟಿನ್ ಟಿನ್’ ಎಂಬ ಯೋಜನೆ ರೂಪುಗೊಂಡಿತು. ತವರ 3.7 ಕೆಲ್ವಿನ್‌ಗಿಂತ ಕೆಳಗೆ ಅತಿವಾಹಕವಾಗುತ್ತದೆ. ಕೆಲ್ವಿನ್ನಿನ ನೂರರಲ್ಲಿ ಒಂದು ಭಾಗದಷ್ಟು ಉಷ್ಣತೆಗೆ ಅದನ್ನು ಇಳಿಸಿದರೆ ಒಂದೇ ಒಂದು ಬೀಜದ ಕ್ಷಯದಿಂದ ಬಂದ ಶಕ್ತಿಯೂ ಅದರಲ್ಲಿ ಅಳೆಯಬಹುದಾದ ಬಿಸಿಯನ್ನು ಉಂಟುಮಾಡುತ್ತದೆ. ಇಲ್ಲಿ ತವರವೇ ಕ್ಷಯಿಸುವ ವಸ್ತು, ತವರವೇ ಅದನ್ನು ಗುರುತಿಸುವ ಉಪಕರಣ.

ಆದರೆ ಇಂತಹ ಕ್ಷಯ ನಡೆಯುವುದಾದರೂ ಅದರ ಅರ್ಧಾಯು ವಿಶ್ವದ ವಯಸ್ಸಿನ ಕೋಟ್ಯಂತರ ಪಟ್ಟು ಹೆಚ್ಚು. ಇಡೀ ವರ್ಷ ಕಾದರೂ ಒಂದೆರಡು ಸಂಕೇತಗಳು ಬಂದರೆ ಬಂದವು. ಅಷ್ಟರಲ್ಲಿ ಬಂಡೆಗಳಲ್ಲಿರುವ ಯುರೇನಿಯಂ ಮತ್ತು ಥೋರಿಯಂಗಳಿಂದ, ಆಕಾಶದಿಂದಿಳಿಯುವ ವಿಶ್ವಕಿರಣಗಳಿಂದ ಹುಟ್ಟಿದ ನ್ಯೂಟ್ರಾನೊಂದು ತವರಕ್ಕೆ ತಾಗಿತೆನ್ನಿ. ತವರ-124 ಅದನ್ನು ಹಿಡಿದು ತವರ-125 ಆಗುತ್ತದೆ. ಇದು 9.6 ದಿನಗಳ ಅರ್ಧಾಯುವಿನಿಂದ ಎಲೆಕ್ಟ್ರಾನನ್ನು ಹೊರಚೆಲ್ಲಿ ಆಂಟಿಮನಿ-125 ಆಗುತ್ತದೆ. ಆ ಎಲೆಕ್ಟ್ರಾನಿನ ಗರಿಷ್ಠ ಶಕ್ತಿ 2.36 ಎಂಇವಿ. ಹುಡುಕುತ್ತಿರುವ 2.29 ಎಂಇವಿ ಇದರ ವ್ಯಾಪ್ತಿಯೊಳಗೇ ಬೀಳುತ್ತದೆ. ಹತ್ತಿರದ ಆಧಾರವಸ್ತುಗಳಿಗೆ ನ್ಯೂಟ್ರಾನು ತಾಗಿ ಹುಟ್ಟುವ ಗಾಮಾ ಕಿರಣಗಳೂ ಇದೇ ತೊಂದರೆ ಕೊಡಬಲ್ಲವು. ಸುಳ್ಳು ಸಂಕೇತ ನಿಜವಾದದ್ದರ ವೇಷದಲ್ಲಿ ಬಂದರೆ ವಿಜ್ಞಾನದ ಇತಿಹಾಸವೇ ದಾರಿತಪ್ಪೀತು. ಆದ್ದರಿಂದ ಮುಂಬಯಿಯ ಸಂಶೋಧಕರು ತವರವನ್ನೂ ಉಪಕರಣದಲ್ಲಿ ಬಳಸಬೇಕಾದ ವಸ್ತುಗಳನ್ನೂ ಮೊದಲೇ ವೇಗದ ನ್ಯೂಟ್ರಾನುಗಳಿಗೆ ಒಡ್ಡಿ, ಹುಟ್ಟುವ ವಿಕಿರಣವನ್ನು ಪರೀಕ್ಷಿಸಿದರು. ಬೇಡವಾದದ್ದನ್ನು ಹೆಸರಿಟ್ಟು ಗುರುತಿಸಿದ ಮೇಲೆಯೇ ಬೇಕಾದದ್ದನ್ನು ನಂಬಬಹುದು.

ವಿಶ್ವಕಿರಣಗಳಿಂದ ತಪ್ಪಿಸಿಕೊಳ್ಳಲು ನೆಲದಾಳಕ್ಕೆ ಹೋಗುವುದು ಇನ್ನೊಂದು ಉಪಾಯ. ಇದರಲ್ಲಿ ಕರ್ನಾಟಕಕ್ಕೆ ಹಿರಿಯ ಸ್ಥಾನವಿದೆ. 1965ರಲ್ಲಿ ಕೋಲಾರ ಚಿನ್ನದ ಗಣಿಯಲ್ಲಿ, 2 ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಭಾರತ, ಬ್ರಿಟನ್ ಮತ್ತು ಜಪಾನಿನ ವಿಜ್ಞಾನಿಗಳ ತಂಡ ಪತ್ತೆಹಚ್ಚಿತು. ಗಣಿಗಳು ಮುಚ್ಚಿದ ಮೇಲೆ ತಮಿಳುನಾಡಿನ ತೇನಿ ಜಿಲ್ಲೆಯ ಬೋಡಿ ಬೆಟ್ಟಗಳಲ್ಲಿ ಯೋಜಿಸಲಾದ ನ್ಯೂಟ್ರಿನೊ ವೀಕ್ಷಣಾಲಯ ಸ್ಥಳೀಯರ ವಿರೋಧ ಮತ್ತು ಪರಿಸರದ ಪ್ರಶ್ನೆಗಳನ್ನು ಎದುರಿಸಬೇಕಾಯಿತು.

ಕಾಳಿ ನದಿಯ ದಡದಲ್ಲಿ

ತವರ ಮತ್ತು ನ್ಯೂಟ್ರಾನುಗಳ ಭೇಟಿ ದೂರದ ಪ್ರಯೋಗಾಲಯಗಳಿಗೆ ಸೀಮಿತವಲ್ಲ. ಗೋವಾದ ಗಡಿಯಿಂದ ಹೆಚ್ಚು ದೂರವಿಲ್ಲದ, ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ, ಕಾಳಿ ನದಿಯ ದಡದ ಅಣುವಿದ್ಯುತ್ ಸ್ಥಾವರದಲ್ಲಿ ಅದು ಪ್ರತಿಕ್ಷಣವೂ ನಡೆಯುತ್ತಿದೆ. ಅಲ್ಲಿ ತಲಾ 220 ಮೆಗಾವ್ಯಾಟ್ ಸಾಮರ್ಥ್ಯದ ನಾಲ್ಕು ರಿಯಾಕ್ಟರುಗಳಿವೆ. ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿರಂತರವಾಗಿ ನಡೆದು ವಿಶ್ವದಾಖಲೆ ನಿರ್ಮಿಸಿತು. ಈ ರಿಯಾಕ್ಟರುಗಳ ಯುರೇನಿಯಂ ಇಂಧನವನ್ನು ಜಿರ್ಕೊನಿಯಂ ಮಿಶ್ರಲೋಹದ ಕೊಳವೆಗಳಲ್ಲಿ ತುಂಬಿರುತ್ತಾರೆ. ಆ ಮಿಶ್ರಲೋಹದಲ್ಲಿ ಸುಮಾರು ಶೇ. 1.5ರಷ್ಟು ತವರವಿರುತ್ತದೆ. ಕೊಳವೆಗೆ ಬಲ ಕೊಡುವುದು, ಬಿಸಿನೀರಿನ ಸಂಪರ್ಕದಲ್ಲಿ ಕೊಳವೆ ಕೆಡದಂತೆ ನೆರವಾಗುವುದು ಅದರ ಕೆಲಸ. ತಾಮ್ರದ ತಪ್ಪಲೆಯಲ್ಲಿ ವಹಿಸಿದ ಕಾವಲಿನ ಹೊಣೆಯನ್ನು ತವರ ಇಲ್ಲಿಯೂ ವಹಿಸಿಕೊಂಡಿದೆ.

ಆದರೆ ಇಲ್ಲಿ ಕಾವಲುಗಾರನೂ ಬದಲಾಗುತ್ತಾನೆ. ನ್ಯೂಟ್ರಾನುಗಳ ಮಳೆಯಲ್ಲಿ ನಿಂತ ತವರ-124ರ ಕೆಲವು ಬೀಜಗಳು ತವರ-125ರ ಮೂಲಕ ಆಂಟಿಮನಿ-125 ಆಗುತ್ತವೆ. ಆಂಟಿಮನಿ-125 ಸುಮಾರು 2.8 ವರ್ಷಗಳ ಅರ್ಧಾಯುವುಳ್ಳ ವಿಕಿರಣಶೀಲ ವಸ್ತು. ಬಳಸಿದ ಇಂಧನದ ಕೊಳವೆಗಳನ್ನು ಎಷ್ಟು ಕಾಲ, ಯಾವ ರಕ್ಷಣೆಯಲ್ಲಿ ಇಡಬೇಕೆಂದು ಲೆಕ್ಕಹಾಕುವವರು ಇದನ್ನೂ ಗಣಿಸಬೇಕು. ತವರ-124 ಎಷ್ಟು ಬೇಗ ನ್ಯೂಟ್ರಾನನ್ನು ಹಿಡಿಯುತ್ತದೆ, ಹಿಡಿದ ಮೇಲೆ ಏನಾಗುತ್ತದೆ ಎಂಬ ಅಳತೆಗಳು ಮೂಲಭೂತ ವಿಜ್ಞಾನಕ್ಕೆ ಎಷ್ಟು ಬೇಕೋ ನದಿಯ ದಡದಲ್ಲಿ ಬಾಳುವ ಜನರ ಸುರಕ್ಷತೆಗೂ ಅಷ್ಟೇ ಬೇಕು.

ಕನ್ನಡದ ಹೊಣೆ

ಕೈಗಾದ ಹೆಸರು ಬಂದಾಗ ಕನ್ನಡ ವಿದ್ಯಾರ್ಥಿಗಳಿಗೆ ಶಿವರಾಮ ಕಾರಂತರ ನೆನಪಾಗುವುದು ಸಹಜ. ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಬರೆದು ಆಧುನಿಕ ವಿಜ್ಞಾನವನ್ನು ಕನ್ನಡದ ಓದುಗರ ಮುಂದಿಟ್ಟವರು ಅವರು. ಕೈಗಾ ಸ್ಥಾವರವನ್ನು ಬಲವಾಗಿ ವಿರೋಧಿಸಿದವರೂ ಅವರೇ. ಪರಿಸರದ ಪ್ರಶ್ನೆಯನ್ನು ಜನರ ಮುಂದಿಡಲು 1989ರಲ್ಲಿ ಕೆನರಾ ಲೋಕಸಭಾ ಕ್ಷೇತ್ರದಿಂದ ಚುನಾವಣೆಗೂ ನಿಂತರು. ಅವರ ನಿಲುವನ್ನು ಒಪ್ಪುವವರೂ ಒಪ್ಪದವರೂ ಇದ್ದಾರೆ. ಅದೇನೇ ಇದ್ದರೂ ಒಂದು ಮಾತು ಸ್ಪಷ್ಟ: ವಿಜ್ಞಾನವನ್ನು ವಿವರಿಸುವ ಕೆಲಸಕ್ಕೂ ಅದರ ಬಳಕೆಯನ್ನು ಪ್ರಶ್ನಿಸುವ ಕೆಲಸಕ್ಕೂ ಕನ್ನಡ ಒಬ್ಬರ ಕೈಯಲ್ಲೇ ಒದಗಿಬಂದಿತು. ವಿವರಿಸಲು ಪದಗಳಿಲ್ಲದ ಭಾಷೆಯಲ್ಲಿ ಪ್ರಶ್ನಿಸುವುದೂ ಕಷ್ಟ, ಉತ್ತರಿಸುವುದೂ ಕಷ್ಟ. ಆಗ ಭಯ ಅಥವಾ ಭಕ್ತಿ, ಇವೆರಡೇ ಉಳಿಯುತ್ತವೆ.

1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದಾಗ ನ್ಯೂಟ್ರಾನೆಂಬುದು ಜಗತ್ತಿನ ಯಾವ ಭಾಷೆಗೂ ಪರಿಚಿತವಾಗಿರಲಿಲ್ಲ. ಆಮೇಲೆ ಬಂದ ಪದಗಳನ್ನು ಕನ್ನಡ ಎರಡು ಬಗೆಯಲ್ಲಿ ಸ್ವೀಕರಿಸಿತು. ನ್ಯೂಟ್ರಾನು, ಪ್ರೋಟಾನು, ರಿಯಾಕ್ಟರು ಮುಂತಾದವು ಉಕಾರಾಂತಗಳಾಗಿ ಕನ್ನಡದ ವಿಭಕ್ತಿಗಳಿಗೆ ಒಗ್ಗಿಕೊಂಡವು: ನ್ಯೂಟ್ರಾನನ್ನು, ನ್ಯೂಟ್ರಾನಿನಿಂದ, ನ್ಯೂಟ್ರಾನಿಗೆ. ಬೀಜ, ಕವಚ, ಗಿರಕಿ, ಕ್ಷಯ ಮೊದಲಾದ ಪರಿಚಿತ ಪದಗಳು ಹೊಸ ಅರ್ಥವನ್ನು ಪಡೆದವು. ಎರಡನೆಯ ಬಗೆಯಲ್ಲಿ ಎಚ್ಚರ ಅಗತ್ಯ. ಬೀಜ ಎಂದೊಡನೆ ಮೊಳಕೆ, ಕವಚ ಎಂದೊಡನೆ ಗಟ್ಟಿ ಹೊದಿಕೆ ಮನಸ್ಸಿಗೆ ಬರುತ್ತದೆ. ಪರಮಾಣುವಿನ ಬೀಜ ಮೊಳೆಯುವುದಿಲ್ಲ, ಅದರ ಕವಚ ಹೊದಿಕೆಯಲ್ಲ, ಗಿರಕಿ ಬುಗುರಿಯ ಸುತ್ತಾಟವೂ ಅಲ್ಲ. ಉಪಮೆ ಅರ್ಥದ ಹೊಸ್ತಿಲವರೆಗೆ ಕರೆದೊಯ್ಯುತ್ತದೆ. ಅಲ್ಲಿಂದ ಮುಂದೆ ಅಂಕಿಗಳನ್ನೇ ಹಿಡಿದು ನಡೆಯಬೇಕು. ಉಪಮೆಯನ್ನು ಎಲ್ಲಿ ಬಿಡಬೇಕೆಂಬ ವಿವೇಕವೇ ವಿಜ್ಞಾನ ಗದ್ಯವನ್ನು ಕಾವ್ಯದಿಂದ ಬೇರ್ಪಡಿಸುತ್ತದೆ.

ಉಪಸಂಹಾರ

ತವರದ 50 ಪ್ರೋಟಾನುಗಳು ತುಂಬಿದ ಕವಚವಾಗಿರುವುದರಿಂದ ಅದಕ್ಕೆ ಹತ್ತು ಸ್ಥಿರ ಸಮಸ್ಥಾನಿಗಳಿವೆ. ವಿದ್ಯುದಂಶವಿಲ್ಲದ ನ್ಯೂಟ್ರಾನು ಅವುಗಳ ಬೀಜವನ್ನು ಹೊಕ್ಕು, ಗಾಮಾ ಕಿರಣಗಳ ಮೂಲಕ ಒಳಗಿನ ಮೆಟ್ಟಿಲುಗಳನ್ನು ತೋರಿಸಿಕೊಡುತ್ತದೆ. ತವರ-116ರಲ್ಲಿ ಗ್ರಹಣ ಮತ್ತು ಚದರಿಕೆಗಳು ಸೇರಿ ಬಹುತೇಕ ಪೂರ್ಣ ನಕ್ಷೆಯನ್ನು ಕೊಟ್ಟವು. ತವರ-124ರಲ್ಲಿ ಅದೇ ಬಗೆಯ ತಿಳಿವಳಿಕೆ ನಿಜ ಸಂಕೇತವನ್ನು ಸುಳ್ಳಿನಿಂದ ಬೇರ್ಪಡಿಸಲು ನೆರವಾಗುತ್ತದೆ. ಕೈಗಾದ ಇಂಧನದ ಕೊಳವೆಗಳಲ್ಲಿ ಅದು ಸುರಕ್ಷತೆಯ ಲೆಕ್ಕವಾಗುತ್ತದೆ. ಈ ಮೂರನ್ನೂ ಕನ್ನಡದಲ್ಲಿ ಓದಿ, ಕನ್ನಡದಲ್ಲೇ ಪ್ರಶ್ನಿಸಬಲ್ಲ ವಿದ್ಯಾರ್ಥಿಗೆ ಕಾಳಿಯ ದಡದ ವಿಚಾರವಾಗಲಿ ಬೋಡಿ ಬೆಟ್ಟದ ವಿಚಾರವಾಗಲಿ ಪರರ ವಿಷಯವಾಗಿ ಉಳಿಯುವುದಿಲ್ಲ.

ಅಭ್ಯಾಸಕ್ಕೆ

1. ತವರದ ಸಮಸ್ಥಾನಿಗಳ ಅಧ್ಯಯನದಲ್ಲಿ ಗ್ರಹಣ ಮತ್ತು ಚದರಿಕೆ ಪರಸ್ಪರ ಪೂರಕವಾಗುವ ಬಗೆಯನ್ನು ವಿವರಿಸಿರಿ.

2. ‘ಕಾಣದ ಕಿರಣವೂ ಸಾಕ್ಷಿ’ ಎಂಬ ಮಾತನ್ನು ತವರ-116ರ 1757 ಕೆಇವಿ ಮಟ್ಟದ ನಿದರ್ಶನದಿಂದ ಸಮರ್ಥಿಸಿರಿ.

3. ಸಮಸ್ಥಾನಿ, ಬೈಜಿಕ, ಅರ್ಧಾಯು, ಅತಿವಾಹಕ: ಈ ಪದಗಳ ರಚನೆಯನ್ನು ಬಿಡಿಸಿ, ಅವು ಸೂಚಿಸುವ ವಿಷಯಕ್ಕೆ ಎಷ್ಟರಮಟ್ಟಿಗೆ ಸಮರ್ಪಕವೆಂದು ಚರ್ಚಿಸಿರಿ.

4. ವಿಜ್ಞಾನ ಗದ್ಯದಲ್ಲಿ ಉಪಮೆಯ ಉಪಯೋಗ ಮತ್ತು ಮಿತಿಗಳನ್ನು ಕುರಿತು ಟಿಪ್ಪಣಿ ಬರೆಯಿರಿ.